ಮೃಗಶಿರಾ ಮಳೆಗೆ ತೆರೆಯುವ ಕೋಣೆ

(ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸ ಎಂದರೆ ಪಂಪನೋ ಬಸವಣ್ಣನೋ ಇರಬೇಕೆಂಬುದು ವಾಡಿಕೆ. ಎಲ್‌ಕೆಜಿ ಕೋಣೆಯನ್ನು ಹೇಗೆ ಜೋಡಿಸಬೇಕು ಎನ್ನುವುದರ ಮೇಲೆ ಒಂದು ಗಂಟೆ ಮಾತಾಡಲು ಏನಿದೆ ಎಂದು ಸ್ನೇಹಿತರೊಬ್ಬರು ಕೇಳಿದರು. ಬಯಲುಸೀಮೆಯಲ್ಲಾದರೆ ಅರ್ಧ ಗಂಟೆಯೇ ಹೆಚ್ಚಾಗುತ್ತಿತ್ತೇನೋ. ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಒಂದು ಗಂಟೆಯೂ ಸಾಲದು. ಇಲ್ಲಿ ಶಾಲೆಯೂ ಮಳೆಗಾಲವೂ ಒಟ್ಟಿಗೇ ಶುರುವಾಗುತ್ತವೆ.

ಮೇ ತಿಂಗಳ ಕೊನೆಗೆ ರಾಜ್ಯದ ಶಾಲೆಗಳು ತೆರೆಯುತ್ತವೆ. ಪ್ರಾರಂಭೋತ್ಸವ, ಮಾವಿನ ತೋರಣ, ಸಿಹಿಯೂಟ. ಜೂನ್ 7, 8ರ ಹೊತ್ತಿಗೆ ಮೃಗಶಿರಾ ಹುಟ್ಟುತ್ತದೆ. ಅಲ್ಲಿಂದ ಎರಡು ವಾರಕ್ಕೆ ಆರಿದ್ರಾ, ಜುಲೈ ಮೊದಲ ವಾರಕ್ಕೆ ಪುನರ್ವಸು, ಆಮೇಲೆ ಪುಷ್ಯ, ಆಶ್ಲೇಷ. ಹೆತ್ತೂರು, ಬಿಸಿಲೆ ಕಡೆಯವರಿಗೆ ಇದರ ಅರ್ಥ ವಿವರಿಸಬೇಕಿಲ್ಲ. ಆಲೂರಿನ ಪೂರ್ವಕ್ಕೆ ಬಂದಷ್ಟೂ ಮಳೆ ಇಳಿಯುತ್ತದೆ, ನಿಜ. ಆದರೆ ಶೀತ ಇಳಿಯುವುದಿಲ್ಲ. ಮೂರೂವರೆ, ನಾಲ್ಕು ವರ್ಷದ ಮಗು ಮೊದಲ ಸಲ ಅಮ್ಮನ ಸೆರಗು ಬಿಟ್ಟು ಬೇರೆಯವರ ಸೂರಿನಡಿ ಕೂರುವುದು ವರ್ಷದ ಅತಿ ಒದ್ದೆಯಾದ, ಅತಿ ಕತ್ತಲೆಯ ಎರಡು ತಿಂಗಳಲ್ಲಿ. ನಡುವೆ ಜಿಲ್ಲಾಧಿಕಾರಿಗಳ ಮಳೆ ರಜೆ. ಹೊಂದಿಕೊಂಡ ಮಗು ನಾಲ್ಕು ದಿನ ಮನೆಯಲ್ಲಿದ್ದು ಮತ್ತೆ ಬಂದಾಗ ಅಳು ಮೊದಲಿನಿಂದ.

ಹೀಗಿದ್ದರೂ ನಾವು ಕೋಣೆ ಸಿಂಗರಿಸಲು ಹೊರಡುವುದು ಗೋಡೆಯಿಂದ. ನಾನು ಈ ಸಂಜೆ ಹೇಳಬೇಕೆಂದಿರುವುದು ಇಷ್ಟೇ: ಮಲೆನಾಡಿನ ಶಿಶುತರಗತಿಯನ್ನು ನೆಲದಿಂದ ಶುರುಮಾಡಬೇಕು, ಗೋಡೆ ಆಮೇಲೆ ನೋಡಿಕೊಳ್ಳೋಣ. ಗೋಡೆಯನ್ನು ನೋಡುವವರು ಮೇಲ್ವಿಚಾರಕಿ, ಫೋಟೊ ತೆಗೆಯುವ ದಾನಿ, ವಾಟ್ಸ್‌ಆ್ಯಪ್ ಗುಂಪು. ಮಗು ಬದುಕುವುದು ನೆಲದ ಮೇಲೆ. ನಾಲ್ಕು ವರ್ಷದ ಮಗುವಿನ ಎತ್ತರ ಹೆಚ್ಚುಕಡಿಮೆ ಒಂದು ಮೀಟರ್. ಕೂತರೆ ಅದರರ್ಧ. ನಾವು ಸ್ಟೂಲು ಹತ್ತಿ ಅಂಟಿಸುವ ‘ಹಣ್ಣುಗಳು’ ಚಾರ್ಟು ಅದಕ್ಕೆ ಕಾಣಬೇಕಾದರೆ ಕುತ್ತಿಗೆ ನೋಯಬೇಕು.

ಇದು ಹೊಸ ಮಾತೇನಲ್ಲ. 1907ರಲ್ಲಿ ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಮಾರಿಯಾ ಮಾಂಟೆಸ್ಸರಿ ತೆರೆದ ಮಕ್ಕಳ ಮನೆಯಲ್ಲಿ ಕಪಾಟು, ಕುರ್ಚಿ ಎಲ್ಲವೂ ಮಗುವಿನ ಕೈಗೆಟುಕುವ ಎತ್ತರಕ್ಕಿಳಿದವು. ಆಕೆ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು, ಯುದ್ಧದ ಕಾರಣ ವರ್ಷಗಟ್ಟಲೆ ಭಾರತದಲ್ಲೇ ಉಳಿದರು. ಅದಕ್ಕೂ ಮೊದಲೇ, 1920ರಲ್ಲಿ, ಗಿಜುಭಾಯಿ ಬಧೇಕಾ ಭಾವನಗರದಲ್ಲಿ ಬಾಲಮಂದಿರ ಕಟ್ಟಿದ್ದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಗೆ ಹೋಗಿ, ಅನುತಾಯಿ ವಾಘ್ ಜೊತೆ ಹಳ್ಳಿಯ, ಮುಂದೆ ಕೋಸಬಾಡದ ಆದಿವಾಸಿ ಮಕ್ಕಳಿಗಾಗಿ ಕಡಿಮೆ ಖರ್ಚಿನ ಶಿಶುಶಿಕ್ಷಣ ರೂಪಿಸಿದರು. ದುಬಾರಿ ಮಾಂಟೆಸ್ಸರಿ ಸಾಮಾನಿನ ಜಾಗಕ್ಕೆ ಬೀಜ, ಕಲ್ಲು, ಎಲೆ, ಚಿಪ್ಪು ಬಂದವು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದ ಪಾಲಿಗೆ ಬಂದದ್ದು ತಿರುಮಕೂಡಲು ನರಸೀಪುರ. ಅದು ಕಾವೇರಿ, ಕಪಿಲೆಯ ಬಯಲು. ಬಯಲಿನಲ್ಲಿ ಕೋಣೆ ಚಿಕ್ಕದಾದರೆ ಮರದಡಿ ಕೂರಿಸಬಹುದು. ನಮ್ಮ ಜುಲೈನಲ್ಲಿ ಮರದಡಿ ಕೂತರೆ ಮರದ ಮಳೆ ಬೇರೆ, ಆಕಾಶದ ಮಳೆ ಬೇರೆ.

ಈಗ ಕೋಣೆಯ ಒಳಗೆ ಹೋಗೋಣ. ಹೊಸ್ತಿಲಿನಲ್ಲೇ ನಿಲ್ಲೋಣ, ಏಕೆಂದರೆ ಇಲ್ಲಿ ಅರ್ಧ ಕೆಲಸ ಇದೆ. ಬೆಳಿಗ್ಗೆ ಒಂಬತ್ತೂವರೆಗೆ ಬರುವ ಮಗುವಿನ ಜೊತೆ ಕೊಡೆ, ರೈನ್‌ಕೋಟು, ಕೆಸರು ಚಪ್ಪಲಿ, ಚೀಲ, ಒಮ್ಮೊಮ್ಮೆ ಜಿಗಣೆಯೂ ಬರುತ್ತದೆ. ತೋಟದ ದಾರಿಯಲ್ಲಿ ನಡೆದು ಬಂದ ಮಗುವಿನ ಕಾಲ್ಬೆರಳ ಸಂದು, ಕಾಲಿನ ಹರಡಿನ ಹಿಂಭಾಗ ನೋಡದೆ ಒಳಗೆ ಬಿಟ್ಟರೆ ಅರ್ಧ ಗಂಟೆಯ ಮೇಲೆ ಚಾಪೆಯಲ್ಲಿ ರಕ್ತ ಕಂಡು ಇಡೀ ತರಗತಿ ಅಳುತ್ತದೆ. ಬಾಗಿಲ ಪಕ್ಕ ಒಂದು ಡಬ್ಬಿ ಉಪ್ಪು, ಒಂದು ಬಕೆಟ್ ನೀರು, ಒಣ ಬಟ್ಟೆ, ಕೂತು ಕಾಲೊರೆಸಿಕೊಳ್ಳಲು ಗೇಣೆತ್ತರದ ಹಲಗೆ ಇರಲಿ. ಮೊಳೆ ಹೊಡೆದ ಪಟ್ಟಿಯೊಂದು ಮಗುವಿನ ಭುಜದ ಎತ್ತರಕ್ಕಿರಲಿ. ಪ್ರತಿ ಮೊಳೆಯ ಮೇಲೆ ಒಂದು ಚಿತ್ರ: ಏಡಿ, ಬಾಳೆಗೊನೆ, ಲಾರಿ, ನವಿಲು. ಹೆಸರು ಓದಲು ಬಾರದ ಮಗುವಿಗೆ ‘ಏಡಿ ನನ್ನದು’ ಎಂದು ಎರಡನೇ ದಿನಕ್ಕೇ ಗೊತ್ತಾಗುತ್ತದೆ. ಆ ಕೋಣೆಯಲ್ಲಿ ತನಗೊಂದು ಜಾಗ ಇದೆ ಎಂದು ಅದಕ್ಕೆ ಮೊದಲು ಅನ್ನಿಸುವುದು ಆ ಮೊಳೆಯ ಮುಂದೆ.

ಹೆತ್ತೂರು ಹೋಬಳಿಯ ಒಂದು ಕೇಂದ್ರದಲ್ಲಿ ಕಂಡದ್ದು ಹೇಳುತ್ತೇನೆ. ತೋಟದ ಕೂಲಿಕಾರರ ಲೈನ್ ಮನೆಯಿಂದ ಬಂದ ಹುಡುಗಿ, ತಲೆ ಮೇಲೆ ಗೊಬ್ಬರದ ಚೀಲ ಮಡಿಸಿ ಮಾಡಿದ ಕೊಪ್ಪೆ. ತೆಗೆಯಲು ಹೋದರೆ ಕಿರುಚುತ್ತಾಳೆ. ಕಾರ್ಯಕರ್ತೆ ಒತ್ತಾಯ ಮಾಡಲಿಲ್ಲ. ನೀರು ಒರೆಸಿ, ಕೊಪ್ಪೆ ಸಮೇತ ಕೂರಿಸಿದರು. ಉಳಿದ ಮಕ್ಕಳೂ ತಮ್ಮ ಕೊಪ್ಪೆ ಬೇಕೆಂದು ಹಟ ಹಿಡಿದರು. ಕೊಟ್ಟರು. ಆ ಬೆಳಿಗ್ಗೆ ಎಲ್ಲರೂ ಕೊಪ್ಪೆ ಹಾಕಿಕೊಂಡೇ ಉಪ್ಪಿಟ್ಟು ತಿಂದರು. ಊಟದ ಹೊತ್ತಿಗೆ ಸೆಖೆಯಾಗಿ ಆ ಹುಡುಗಿಯೇ ತೆಗೆದು ಮೊಳೆಗೆ ಹಾಕಿದಳು. ಮೊದಲ ವಾರದ ಪಾಠ ಎಂದರೆ ಇದು. ಇದಕ್ಕೆ ಚಾರ್ಟು ಬೇಕಿಲ್ಲ, ಮೊಳೆ ಬೇಕು.

ಖಾಸಗಿ ಕಾನ್ವೆಂಟುಗಳಿಗೆ ಇಲ್ಲೇ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ವರ್ಷದ ಮಗುವಿಗೆ ಕಪ್ಪು ಶೂ, ಬಿಳಿ ಕಾಲುಚೀಲ ಕಡ್ಡಾಯ ಮಾಡುವುದು ಶಿಸ್ತಲ್ಲ, ಪೀಡೆ. ಈ ಹವೆಯಲ್ಲಿ ಶೂ ಒಣಗುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೂ ಬೆಳಿಗ್ಗೆ ಒಳಗೆ ತಣ್ಣಗೇ ಇರುತ್ತದೆ. ಟೈ ವಿಷಯ ನಾನು ಎತ್ತುವುದಿಲ್ಲ.

ನೆಲ. ಹೊಸ ಕಟ್ಟಡಗಳಿಗೆಲ್ಲ ಈಗ ನುಣುಪು ಟೈಲ್ಸ್. ನೋಡಲು ಚೆಂದ, ಒರೆಸಲು ಸುಲಭ. ಆದರೆ ನಮ್ಮಲ್ಲಿ ಆರಿದ್ರಾ ಹಿಡಿದರೆ ನೆಲವೇ ಬೆವರುತ್ತದೆ. ತೇವದ ಗಾಳಿ ತಣ್ಣನೆಯ ಟೈಲ್ಸ್ ಮುಟ್ಟಿ ನೀರಾಗುತ್ತದೆ; ಓಡುವ ಮಗು ಜಾರುತ್ತದೆ, ಕೂತ ಮಗುವಿನ ಚಡ್ಡಿ ಒದ್ದೆಯಾಗುತ್ತದೆ. ಅದರ ಮೇಲೆ ಜಮಖಾನ ಹಾಸಿದರೆ ಜಮಖಾನ ನೀರು ಕುಡಿದು ವಾರದಲ್ಲಿ ಮುಗ್ಗಲು ವಾಸನೆ. ಪ್ಲಾಸ್ಟಿಕ್ ಚಾಪೆ ಅಡಿಯಲ್ಲಿ ಬೂಷ್ಟು. ಇದಕ್ಕೆ ಉಪಾಯ ನಮ್ಮ ತೋಟದಲ್ಲೇ ಇದೆ. ಕಾಫಿಗೆ ನೆರಳೆಂದು ಬೆಳೆದ ಸಿಲ್ವರ್ ಓಕ್ ಹಲಗೆ ನಮ್ಮ ಕಡೆ ಸಾಮಿಲ್ಲುಗಳಲ್ಲಿ ಬೇಕಾದಷ್ಟು. ನಾಲ್ಕು ಅಂಗುಲ ಎತ್ತರದ ಜಗುಲಿಯಂತೆ ಕೋಣೆಯ ಒಂದು ಪಾಲಿಗೆ ಹಲಗೆ ಹಾಸಿದರೆ ಮಗು ಬೆಚ್ಚಗೆ ಕೂರುತ್ತದೆ. ಸಿಲ್ವರ್ ಓಕ್ ಒದ್ದೆಗೆ ತಡೆಯುವ ಮರವಲ್ಲ, ಇಲ್ಲಿರುವ ಬೆಳೆಗಾರರಿಗೆ ಗೊತ್ತು. ಅದಕ್ಕೆ ಕೆಳಗೆ ಇಟ್ಟಿಗೆ ಕೊಟ್ಟು ಗಾಳಿಯಾಡಲು ಸಂದು ಬಿಡಬೇಕು, ಗೋಡೆಗೆ ತಾಗಿಸಬಾರದು, ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಬೇಕು. ಹಲಸಿನ ಹಲಗೆ ಕೊಡುವ ಪುಣ್ಯಾತ್ಮರು ಸಿಕ್ಕರೆ ಮೊಮ್ಮಕ್ಕಳ ಕಾಲಕ್ಕೂ ಬಂತು.

ಇನ್ನು ಸೂರು. ಶೀಟಿನ ಮನೆಯಲ್ಲಿ ಮಳೆ ಬಿದ್ದಾಗ ಟೀಚರ್ ಕೂಗಿದ್ದು ಎರಡನೇ ಸಾಲಿಗೆ ಕೇಳುವುದಿಲ್ಲ. ಹಾಡು, ಕತೆ, ಪ್ರಾರ್ಥನೆ ಎಂದು ಗಂಟೆಗಂಟೆಗೆ ಬರೆದ ವೇಳಾಪಟ್ಟಿ ಅಲ್ಲಿಗೆ ಸತ್ತ ಹಾಗೆ. ಗಂಟಲು ಹರಿದುಕೊಳ್ಳುವುದಕ್ಕಿಂತ ಎರಡು ವೇಳಾಪಟ್ಟಿ ಇಟ್ಟುಕೊಳ್ಳುವುದು ಮೇಲು: ಮಳೆ ಹೊಡೆಯುವಾಗ ಒಂದು, ಹೊಳವಾದಾಗ ಒಂದು. ಹೊಡೆಯುವಾಗ ಮಣ್ಣು ನಾದುವುದು, ಪೋಣಿಸುವುದು, ಬಣ್ಣ ಬೇರ್ಪಡಿಸುವುದು, ಚಿತ್ರದ ಪುಸ್ತಕ ತಿರುವುವುದು, ಕೈಸನ್ನೆಯ ಆಟ. ಹೊಳವಾದ ಕೂಡಲೇ ಕತೆ, ಹಾಡು, ಅಂಗಳಕ್ಕೆ ಓಟ. ಹಳೆಯ ಹಂಚಿನ ಶಾಲೆಯಲ್ಲಿ ಕಲಿತವರಿಗೆ ನೆನಪಿರಬಹುದು, ಹಂಚು ಇಷ್ಟು ಗದ್ದಲ ಮಾಡುತ್ತಿರಲಿಲ್ಲ. ಹಂಚಿನ ಕಟ್ಟಡಗಳು ಈಗಲೂ ಇರುವ ಕಡೆ ನಾಲ್ಕು ಹಂಚು ತೆಗೆದು ಗಾಜಿನ ಹಂಚು ಕೂರಿಸಿ. ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟಿಲ್ಲದಾಗ, ಹನ್ನೊಂದು ಗಂಟೆಗೇ ಮುಸ್ಸಂಜೆಯಾಗುವ ಕೋಣೆಯಲ್ಲಿ ಅದರಷ್ಟು ಉಪಕಾರ ಮತ್ಯಾವುದೂ ಮಾಡುವುದಿಲ್ಲ.

ಗೋಡೆಗೆ ಕಡೆಗೂ ಬಂದೆವು. ಕಾಗದದ ಚಾರ್ಟು ಜುಲೈಗೆ ಸುರುಳಿ ಸುತ್ತಿಕೊಳ್ಳುತ್ತದೆ, ಗೋಂದು ಒಣಗುವುದಿಲ್ಲ, ಥರ್ಮೋಕೋಲಿನ ಹಿಂದೆ ಹಲ್ಲಿ ಸಂಸಾರ. ಬೊಂಬೆಗಳಲ್ಲೂ ಹತ್ತಿ ತುಂಬಿದವು ಒಮ್ಮೆ ನೆನೆದರೆ ದಸರಾವರೆಗೆ ಒಣಗುವುದಿಲ್ಲ. ಅವನ್ನು ನವೆಂಬರಿಗೆ ಎತ್ತಿಡಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ನಮಗೆ ಕೊಟ್ಟ ಒಳ್ಳೆಯ ಬುದ್ಧಿಗಳಲ್ಲಿ ಒಂದು, ಗೋಡೆಯ ಕೆಳಭಾಗದ ಕಪ್ಪುಹಲಗೆ. ನೆಲದಿಂದ ಎರಡೂವರೆ ಅಡಿವರೆಗೆ ಕೋಣೆಯ ಸುತ್ತ ಕಪ್ಪು ಬಣ್ಣ ಬಳಿದರೆ ಮಕ್ಕಳಿಗೆ ಅದೇ ಪುಸ್ತಕ. ಅದರ ಮೇಲೆ ಒಂದು ಗೆರೆಯಷ್ಟು ಚಿತ್ರ ಸಾಕು. ಉಳಿದ ಗೋಡೆ ಖಾಲಿ ಬಿಡಿ. ಖಾಲಿ ಬಿಡಲು ನಮಗೆ ಧೈರ್ಯ ಸಾಲದು, ‘ಏನೂ ಮಾಡಿಲ್ಲ’ ಎಂದಾರು ಎಂಬ ಭಯ.

ಆಟದ ಸಾಮಾನಿನ ಬಗ್ಗೆ ಹೇಳುವಾಗ ತಾರಾಬಾಯಿಯವರ ಬೀಜ, ಕಲ್ಲಿನ ದಾರಿಯನ್ನು ನಮ್ಮ ಗುಡ್ಡಕ್ಕೆ ಹೊಂದಿಸಿಕೊಳ್ಳಬೇಕು. ಸುತ್ತ ಬೀಜಗಳ ರಾಶಿಯೇ ಇದೆ ನಿಜ. ಆದರೆ ಕಾಫಿ ಬೀಜ, ಮೆಣಸಿನ ಕಾಳು ಮೂರು ವರ್ಷದ ಮಗುವಿನ ಮೂಗಿಗೆ, ಕಿವಿಗೆ ಹೇಳಿ ಮಾಡಿಸಿದ ಅಳತೆ. ಎಣಿಸುವ ಪಾಠ ಆಸ್ಪತ್ರೆಯಲ್ಲಿ ಮುಗಿಯಬಾರದು. ಚಿಕ್ಕವರ ಕೈಗೆ ಅವರ ಮುಷ್ಟಿಯಷ್ಟು ದೊಡ್ಡದೇ ಇರಲಿ: ಹೇಮಾವತಿಯ ಹೊಳೆಗಲ್ಲು, ತೆಂಗಿನ ಚಿಪ್ಪು, ಅಡಿಕೆ ಹಾಳೆ, ಸೋರೆಬುರುಡೆ. ಗುಲಗಂಜಿ ಬೇಡವೇ ಬೇಡ. ಕೆಂಪು ಕಪ್ಪು ಚೆಂದ ನೋಡಿ ಅದನ್ನು ಮಣ್ಣಿನ ಬೊಂಬೆಯ ಕಣ್ಣಿಗೆ ಅಂಟಿಸುವವರಿದ್ದಾರೆ. ಜಗಿದು ನುಂಗಿದರೆ ಅದು ಕಡು ವಿಷ. ಬೇಡದ್ದು ಇನ್ನೊಂದು, ನೀಲಿ ಡ್ರಮ್ಮು. ಮಳೆ ಹಿಡಿಯುವ ಮುನ್ನ ಮೆಣಸಿಗೆ, ಕಾಫಿಗೆ ಬೋರ್ಡೋ ಹೊಡೆಯಲು ಮೈಲುತುತ್ತ ಕಲಸಿದ ಡ್ರಮ್ಮು, ಔಷಧದ ಖಾಲಿ ಕ್ಯಾನು ಎಷ್ಟೇ ತೊಳೆದರೂ ಮಕ್ಕಳ ಕೈ ತೊಳೆಯುವ ನೀರಿಗೆ ಬರಬಾರದು. ಪುಕ್ಕಟೆ ಸಿಗುತ್ತದೆ ಎಂದು ತಂದಿಡುವುದನ್ನು ನೋಡಿದ್ದೇನೆ.

ಅಂಗನವಾಡಿ ಕೋಣೆಯ ಕಷ್ಟ ಇನ್ನೊಂದಿದೆ. ಅದು ಬರೀ ತರಗತಿಯಲ್ಲ. ಅಡುಗೆಮನೆ, ಉಗ್ರಾಣ, ತೂಕದ ಯಂತ್ರ, ಗರ್ಭಿಣಿಯರ ಊಟದ ಲೆಕ್ಕ, ಪೋಷಣ್ ಟ್ರ್ಯಾಕರಿನ ಮೊಬೈಲು ಎಲ್ಲ ಅಲ್ಲೇ. 2013ರಿಂದ ಕ್ಷೀರಭಾಗ್ಯದ ಹಾಲಿನ ಪುಡಿ, 2017ರಿಂದ ಮಾತೃಪೂರ್ಣದ ಅಕ್ಕಿಬೇಳೆ. ಒಳ್ಳೆಯ ಯೋಜನೆಗಳು, ಮೂಟೆ ಇಡುವ ಜಾಗ ಮಾತ್ರ ಮಕ್ಕಳದು. ನಮ್ಮಲ್ಲಿ ಆ ಮೂಟೆಗೆ ಬೇರೊಬ್ಬ ಗಿರಾಕಿಯೂ ಇದ್ದಾನೆ. ಹೈಕೋರ್ಟಿನ ಆದೇಶದ ನಂತರ 2014ರಲ್ಲಿ ಆಲೂರು ಸೀಮೆಯಿಂದ 22 ಕಾಡಾನೆ ಹಿಡಿದು ಸಾಗಿಸಿದರೂ ಆನೆಯ ಓಡಾಟ ನಿಲ್ಲಲಿಲ್ಲ. ಅಕ್ಕಿಯ ವಾಸನೆಗೆ ಬಾಗಿಲು ಒಡೆಯುವ ಆನೆಯ ಸುದ್ದಿ ನೀವೆಲ್ಲ ಓದಿದ್ದೀರಿ. ಆನೆ ಓಡಾಡುವ ಊರಿನಲ್ಲಿ ತಿಂಗಳ ದಾಸ್ತಾನು ಮಕ್ಕಳ ಕೋಣೆಯಲ್ಲಿರಬಾರದು. ಪಂಚಾಯಿತಿಯೋ ಸೊಸೈಟಿಯೋ ಭದ್ರವಾದ ಜಾಗ ಕೊಟ್ಟು ವಾರವಾರ ತಲುಪಿಸಲಿ. ಹಾಗೆಯೇ ಆನೆ ದಾರಿಯಲ್ಲಿದೆ ಎಂಬ ಮೆಸೇಜು ಬಂದ ಬೆಳಿಗ್ಗೆ ಹತ್ತೂವರೆಗೆ ಬಂದ ಮಗುವನ್ನು ‘ಲೇಟು’ ಎಂದು ಬರೆಯಬೇಡಿ.

ಯಾವ ಕೈಪಿಡಿಯಲ್ಲೂ ಇಲ್ಲದ ಒಂದು ವಿಷಯಕ್ಕೆ ಬರುತ್ತೇನೆ. ಸರ್ಕಾರಿ ಲೆಕ್ಕದಲ್ಲಿ ಶಾಲಾ ವರ್ಷ ಒಂದೇ, ಜೂನ್‌ನದು. ಕಾಫಿ ಸೀಮೆಯ ಶಿಶುತರಗತಿಗೆ ವರ್ಷಕ್ಕೆ ಎರಡು ಹೊಸ ವರ್ಷ. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾಗುತ್ತದೆ, ರೋಬಸ್ಟಾ ಮುಗಿಯುವ ಹೊತ್ತಿಗೆ ಫೆಬ್ರುವರಿ ದಾಟುತ್ತದೆ. ಉತ್ತರ ಕರ್ನಾಟಕದಿಂದ, ತಮಿಳುನಾಡಿನಿಂದ, ಈಚೆಗೆ ಅಸ್ಸಾಂ, ಜಾರ್ಖಂಡಿನಿಂದ ಕುಟುಂಬಗಳು ಬರುತ್ತವೆ. ಲೈನ್ ಮನೆಗಳು ತುಂಬುತ್ತವೆ. ಅಮ್ಮ ಹಣ್ಣು ಬಿಡಿಸುವಾಗ ಮಗು ಗಿಡದ ಬುಡದಲ್ಲಿ ಕೂರುತ್ತದೆ, ಇಲ್ಲವೇ ಐದಾರು ವರ್ಷದ ಅಕ್ಕನ ಸೊಂಟದಲ್ಲಿ. 1951ರ ತೋಟ ಕಾರ್ಮಿಕರ ಕಾಯ್ದೆ 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. ಆಮೇಲಿನ ತಿದ್ದುಪಡಿ 20 ಮಕ್ಕಳಿದ್ದರೂ ಸಾಕೆಂದಿತು. ಆದರೆ ನಮ್ಮ ತಾಲ್ಲೂಕುಗಳಲ್ಲಿ ಹೆಚ್ಚಿನವರು ಐದು, ಹತ್ತು ಎಕರೆಯ ಸಣ್ಣ ಬೆಳೆಗಾರರು. ಕಾಯ್ದೆ ಅವರ ಬೇಲಿಯ ಹೊರಗೇ ನಿಂತಿತು. 2023–24ರ ಬಜೆಟ್ಟಿನಲ್ಲಿ ಪ್ರಕಟವಾದ ‘ಕೂಸಿನ ಮನೆ’ ಉದ್ಯೋಗ ಖಾತ್ರಿಯ ತಾಯಂದಿರನ್ನು ಕಣ್ಣಲ್ಲಿಟ್ಟುಕೊಂಡ ಯೋಜನೆ. ಹಾಗಾಗಿ ಕೊಯ್ಲಿಗೆ ಬಂದ ಮಕ್ಕಳಿಗೆ ಉಳಿಯುವುದು ಊರಿನ ಅಂಗನವಾಡಿಯೇ.

ಜೂನ್‌ನಲ್ಲಿ ಕೋಣೆ ಜೋಡಿಸುವಾಗಲೇ ನವೆಂಬರಿನ ಮಕ್ಕಳಿಗೆ ಜಾಗ ಇಟ್ಟಿರಬೇಕು. ಮೊಳೆಯ ಪಟ್ಟಿಯಲ್ಲಿ ಹತ್ತು ಮೊಳೆ ಖಾಲಿ ಇರಲಿ. ಹಾಜರಿ ಗೋಡೆಯಲ್ಲಿ ಹೆಸರಿಲ್ಲದ ಚಿತ್ರಗಳು ಕಾಯುತ್ತಿರಲಿ. ನೀರು ಬೇಕು, ಹೊಟ್ಟೆನೋವು, ಒಂದಕ್ಕೆ ಹೋಗಬೇಕು, ಅಮ್ಮ ಸಂಜೆ ಬರುತ್ತಾಳೆ — ಇಷ್ಟನ್ನು ಹಿಂದಿ, ತಮಿಳಿನಲ್ಲಿ ಹೇಳಲು ಟೀಚರಿಗೆ ಬಂದರೆ ಮೊದಲ ವಾರ ದಾಟುತ್ತದೆ. ಅಲ್ಲಿಂದ ಮುಂದೆ ಮಗು ಕನ್ನಡವನ್ನು ತಾನೇ ಕಲಿಯುತ್ತದೆ, ಮಕ್ಕಳು ಮಕ್ಕಳಿಂದ ಕಲಿಯುವಷ್ಟು ಬೇಗ ನಮ್ಮಿಂದ ಕಲಿಯುವುದಿಲ್ಲ. ಮಾರ್ಚ್‌ನಲ್ಲಿ ಆ ಮಗು ಹೊರಟುಹೋದಾಗ ತನ್ನ ಚಿತ್ರಗಳನ್ನು ಜೊತೆಗೆ ಒಯ್ಯಲಿ.

ಪಾಠದ ವಿಷಯ ಚುಟುಕಾಗಿ. ಮೂರರಿಂದ ಎಂಟು ವರ್ಷದವರೆಗಿನ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು 2022ರ ಅಕ್ಟೋಬರಿನಲ್ಲಿ ಬಂತು. ಆಟದ ಮೂಲಕ ಕಲಿಕೆ ಎನ್ನುತ್ತದೆ. ನಮ್ಮ ಅಂಗನವಾಡಿಗಳ ‘ಚಿಲಿಪಿಲಿ’ ಪಠ್ಯ ಅದಕ್ಕೂ ಎಷ್ಟೋ ಮುಂಚಿನಿಂದ ಹೇಳುತ್ತಿರುವುದೂ ಅದೇ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮ, 2025ರಲ್ಲಿ ಅದಕ್ಕೆ ಕೊಟ್ಟ ಐದು ವರ್ಷ ಐದು ತಿಂಗಳ ಸಡಿಲಿಕೆ, ಎಲ್‌ಕೆಜಿ ಶಾಲೆಯಲ್ಲೋ ಅಂಗನವಾಡಿಯಲ್ಲೋ ಎಂಬ 2024ರ ಜಟಾಪಟಿ ಎಲ್ಲ ನಿಮಗೆ ಗೊತ್ತು. ಎರಡೂ ಕಡೆ ವಾದವಿದೆ. ಆದರೆ ಮೈಲಿಗಟ್ಟಲೆ ತೋಟದ ದಾರಿ ನಡೆದು ಸರ್ಕಾರಿ ಶಾಲೆಯ ಎಲ್‌ಕೆಜಿಗೆ ನಾಲ್ಕು ವರ್ಷದ ಮಗು ಜುಲೈನಲ್ಲಿ ಬರಲಾರದು. ಗುಡ್ಡದ ಮಟ್ಟಿಗೆ ಉತ್ತರ ಸ್ಪಷ್ಟ: ಮಗುವಿಗೆ ಹತ್ತಿರ ಯಾವುದೋ ಅದೇ ಎಲ್‌ಕೆಜಿ ಆಗಬೇಕು.

ಮುಗಿಸುವ ಮುನ್ನ, ಈ ಸಭೆಯಲ್ಲಿರುವ ಬೆಳೆಗಾರರಿಗೆ, ಕ್ಲಬ್ಬುಗಳ ಪದಾಧಿಕಾರಿಗಳಿಗೆ, ಹಳೆಯ ವಿದ್ಯಾರ್ಥಿಗಳಿಗೆ ನನ್ನ ಬೇಡಿಕೆ. ನೀವು ಶಾಲೆಗೆ ಕೊಡುವವರೇ. ಕೊಡುವುದಿಲ್ಲ ಎಂದು ಯಾರೂ ಹೇಳಲಾರರು. ಆದರೆ ಕೊಡುವುದು ಆಗಸ್ಟ್ 15ಕ್ಕೆ, ಬಣ್ಣದ ಗೋಡೆ, ಸ್ಮಾರ್ಟ್ ಟಿವಿ, ಕಲ್ಲಿನಲ್ಲಿ ಕೆತ್ತಿದ ಹೆಸರು. ಅಷ್ಟರಲ್ಲಿ ಮಕ್ಕಳು ಎರಡು ತಿಂಗಳು ಒದ್ದೆ ನೆಲದಲ್ಲಿ ಕೂತು ಮುಗಿದಿರುತ್ತದೆ. ಮುಂದಿನ ವರ್ಷ ಮೇ ಎರಡನೇ ವಾರದೊಳಗೆ ನಿಮ್ಮ ಊರಿನ ಅಂಗನವಾಡಿಗೆ ಒಮ್ಮೆ ಹೋಗಿ. ಚಪ್ಪಲಿ ಬಿಟ್ಟು ನೆಲದ ಮೇಲೆ ಹತ್ತು ನಿಮಿಷ ಕೂತು ನೋಡಿ. ಸೋರುವ ಕಡೆ ಶೀಟು, ಶೌಚಾಲಯದವರೆಗೆ ನೆನೆಯದೆ ಹೋಗಲು ಮಾಡು, ನಾಲ್ಕು ಗಾಜಿನ ಹಂಚು, ಒಂದು ಹೊರೆ ಹಲಗೆ, ಒಂದು ದಿನಕ್ಕೆ ಒಬ್ಬ ಬಡಗಿ, ಬದಲಿ ಬಟ್ಟೆಗೊಂದು ಪೆಟ್ಟಿಗೆ. ಏನು ಬೇಕು ಎಂದು ಕಾರ್ಯಕರ್ತೆಯನ್ನೇ ಕೇಳಿ, ಆಕೆ ಹೇಳಿದ್ದನ್ನೇ ಕೊಡಿ. ಪಟ್ಟಿ ಮಾಡಿಕೊಂಡು ಬರಲು ಇಲ್ಲಿಗೆ ಬಂದಿರುವ ಕಾರ್ಯಕರ್ತೆಯರಿಗೆ ಹೇಳಿದ್ದೆ. ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನ ಮೇಲೆ ಆ ಪಟ್ಟಿಗಳಿರುತ್ತವೆ. ಕಾಫಿ ಕುಡಿಯಲು ಹೋಗುವ ಮುಂಚೆ ತಲಾ ಒಂದು ಎತ್ತಿಕೊಂಡು ಹೋಗಿ.